ಹೋಗುವಾಗಿನ ಹತ್ತನೆಯ ತಾಸು

ಊರಿಗೆ ಹೊರಟವರು ತಾವು ಸೇರಬೇಕಾದ ಊರನ್ನು ಸೇರುವವರೆಗೆ ಅವರು ಬಿಟ್ಟುಹೋದ ಮನೆಯಲ್ಲಿ ಕಸ ಗುಡಿಸಬಾರದು ಎಂಬ ನಮ್ಮ ಕಡೆಯ ರೂಢಿಯನ್ನು ನಾನು ಅನೇಕ ವರ್ಷಗಳಿಂದ ಮಹಿಳಾ ಸಭೆಗಳಲ್ಲಿ ಖಂಡಿಸುತ್ತ ಬಂದಿದ್ದೇನೆ. ಹೊರಡುವವರು ಸಾಮಾನ್ಯವಾಗಿ ಗಂಡಸರು, ಕಸದ ನಡುವೆ ಕಾಯುವವರು ಹೆಂಗಸರು ಎಂಬುದು ನನ್ನ ಮೊದಲ ಆಕ್ಷೇಪ. ಹೊರಟವನಿಗೆ ದಾರಿಯಲ್ಲಿ ಏನಾದರೂ ಆದರೆ ಅಪವಾದವೆಲ್ಲ ಪೊರಕೆ ಹಿಡಿದವಳ ಮೇಲೆ ಬರುತ್ತದೆ ಎಂಬುದು ಎರಡನೆಯದು. ಇಂಥ ನಾನೇ ಕಳೆದ ವರ್ಷ ಗಣೇಶ ಚೌತಿ ಮುಗಿದ ವಾರದಲ್ಲಿ, ಅಲಖನೂರಿನ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು, ಆ ಮನೆಯ ಕಸ ಎಷ್ಟು ತಾಸು ಹಾಗೆಯೇ ಬಿದ್ದಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಆ ಮನೆಯವರು ಕುರಿ ಸಾಕುವವರು, ಕಂಬಳಿ ನೇಯುವವರು. ಮನೆಯ ಹಿರಿಯಳನ್ನು ಓಣಿಯೆಲ್ಲ ಆಯಿ ಎಂದು ಕರೆಯುತ್ತದೆ. ನಾನೂ ಹಾಗೆಯೇ ಕರೆಯುತ್ತೇನೆ. ಆಯಿಯ ಹಿರಿಯ ಮಗ ನೇಯುತ್ತಾನೆ. ಅವನ ಹೆಂಡತಿ, ಅಂದರೆ ಆಯಿಯ ಸೊಸೆ, ನೂಲುತ್ತಾಳೆ. ಕುರಿಯ ಮೈಮೇಲಿನ ಉಣ್ಣೆಯನ್ನು ಬಿಡಿಸಿ, ಕರಿದು ಬೇರೆ ಕಂದು ಬೇರೆ ಮಾಡಿ, ತಕಲಿ ತಿರುಗಿಸಿ ದಾರ ತೆಗೆಯುವ ಅವಳ ಕೈಯ ಗುಣ ಸುತ್ತಲಿನ ಊರುಗಳಿಗೆ ಗೊತ್ತು. ಅವಳ ನೂಲಿನಲ್ಲಿ ಗಂಟು ಹುಡುಕುವುದೆಂದರೆ ಹಾಲಿನಲ್ಲಿ ಹರಳು ಹುಡುಕಿದಂತೆ ಎಂದು ಹಾರೂಗೇರಿಯ ಸಂತೆಯಲ್ಲಿ ಕಂಬಳಿ ಮಾರುವವರು ಹೇಳುವುದನ್ನು ನಾನೇ ಕೇಳಿದ್ದೇನೆ. ಈ ಗಂಡಹೆಂಡತಿಗೆ ಲಂಡನ್ನಿನಲ್ಲಿ ನಡೆಯುವ ಉಣ್ಣೆಯ ಮೇಳವೊಂದರಿಂದ ಕರೆ ಬಂದಿತ್ತು. ಹತ್ತು ದಿನ ಅಲ್ಲಿ ಕುಳಿತು ಜನರ ಎದುರು ನೂಲಬೇಕು, ನೇಯಬೇಕು. ಕರೆದೊಯ್ಯುವುದು ಕರಕುಶಲದ ಒಂದು ಸಂಸ್ಥೆ. ಅದರ ಪರವಾಗಿ ಓಡಾಡುತ್ತಿದ್ದವನು ನಿಪ್ಪಾಣಿಯ ಕಡೆಯ ಒಬ್ಬ ತರುಣ; ಲಂಡನ್ನಿಗೆ ಅವರ ಜೊತೆ ಹೋಗುವವನೂ ಅವನೇ.

ಸೋಮವಾರದೊಳಗೆ ಕೊನೆಯ ಕಾಗದವೊಂದು ಸಂಸ್ಥೆಗೆ ಮುಟ್ಟಬೇಕಿತ್ತು. 'ಈ ದಂಪತಿಯನ್ನು ನಾನು ಬಲ್ಲೆ, ಇವರ ಪ್ರಯಾಣಕ್ಕೆ ಮನೆಯವರ ಒಪ್ಪಿಗೆಯಿದೆ' ಎಂದು ಊರಿನ ಪರಿಚಿತರೊಬ್ಬರು ಅದಕ್ಕೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಅವರ ಬದಲಿಗೆ ಬೇರೆ ಜಿಲ್ಲೆಯವರು ಹೋಗುತ್ತಾರೆ ಎಂದು ತರುಣ ಹೇಳಿದ್ದ. ಆಯಿ ಮಾತ್ರ ಒಂದೇ ಮಾತು ಹಿಡಿದಿದ್ದಳು.

"ಅಕ್ಕಾರು ನೋಡಿ ಬರೊಬ್ಬರಿ ಐತಿ ಅಂದ್ರ ಕಳಸ್ತೇನಿ. ಇಲ್ಲಂದ್ರ ನನ್ನ ಮಗಾನೂ ಹೋಗೂದಿಲ್ಲ, ಸೊಸಿನೂ ಹೋಗೂದಿಲ್ಲ."

ನಾನು ಶಿಕ್ಷಕಿಯಲ್ಲ; ಆದರೂ ಓದಿದ ಹೆಂಗಸೆಂಬ ಕಾರಣಕ್ಕೆ ನನ್ನನ್ನು ಅಕ್ಕಾರು ಎನ್ನುತ್ತಾರೆ. ಅವರು ನನ್ನನ್ನು ನಂಬುವುದಕ್ಕೆ ಬೇರೊಂದು ಕಾರಣವಿದೆ. ಹತ್ತು ದಿನದ ಕೆಲಸವೆಂದು ಕಬ್ಬು ಕಡಿಯಲು ಕರೆದೊಯ್ದು ಮೂರು ತಿಂಗಳು ಊರ ಮುಖ ನೋಡಲು ಬಿಡದ ಗುಂಪಿನಿಂದ ಇದೇ ಓಣಿಯ ಇಬ್ಬರು ಹೆಂಗಸರನ್ನು ಬಿಡಿಸಿ ತಂದವಳು ನಾನು. ಅವರ ಕೈಯಲ್ಲೂ ಒಂದು ಕಾಗದವಿತ್ತು. ಅದರ ಮೇಲೂ ಅವರದೇ ಹೆಬ್ಬೆಟ್ಟು ಇತ್ತು. ಓದಲು ಬಾರದವರ ಬೆರಳಿಗೆ ಮಸಿ ಹಚ್ಚಿ ಅವರ ಬದುಕನ್ನೇ ಬರೆಸಿಕೊಳ್ಳುವುದು ನಮ್ಮ ಭಾಗದಲ್ಲಿ ಅನ್ಯಾಯವೆಂದೇ ಎನಿಸದಷ್ಟು ಸಹಜವಾಗಿದೆ. ಹೀಗಾಗಿ ಅಚ್ಚಾದ ಕಾಗದ ಕಂಡರೆ ನನಗೆ ಮೊದಲು ಹುಟ್ಟುವುದು ಸಂಶಯ. ಚಿಕ್ಕೋಡಿಯಲ್ಲಿ ನಾನು ಕಲಿತ ಶಾಲೆಯ ಗುರುಗಳು 'ಯಾಕೆ ಎಂದು ಕೇಳದೆ ಏನನ್ನೂ ಬರೆದುಕೊಳ್ಳಬೇಡಿ' ಎನ್ನುತ್ತಿದ್ದರು. ಆ ಮಾತನ್ನು ನಾನು ಅವರು ಬಯಸಿದ್ದಕ್ಕಿಂತ ಹೆಚ್ಚು ಪಾಲಿಸಿದ್ದೇನೆಯೋ ಏನೋ.

ಬುಧವಾರ ಮಧ್ಯಾಹ್ನ ಆಯಿ ಕಾಗದಗಳ ಕಟ್ಟನ್ನು ತಂದು ನನ್ನ ಮುಂದಿಟ್ಟಳು. ಅವಳಿಗೆ ಬೇಕಾಗಿದ್ದದ್ದು ತಾಸುಗಳ ಲೆಕ್ಕ.

"ಮಿರಜಿಗಿ ಹ್ವಾದ್ರ ಮಧ್ಯಾನಕ್ಕ ಕಸಾ ಹೊಡಿತೇನಿ. ಪಂಢರಪುರಕ್ಕ ಹ್ವಾದ್ರ ಸಂಜಿಗಿ. ಇದು ಎಷ್ಟೊತ್ತಿಗಿ ಮುಟ್ಟೂ ಊರು? ಮನೀ ಕಸಾ ಹೋಗ್ಲಿ, ಹಟ್ಟಿ ಕಸಾ ಬಿಟ್ರ ಮರಿಗೋಳ ಕಾಲಿಗಿ ಹುಣ್ಣ ಆಗ್ತಾವ."

"ಆಯಿ, ಹಟ್ಟಿ ಗುಡಿಸಿದರೆ ವಿಮಾನ ಬೀಳುವುದಿಲ್ಲ" ಎಂದೆ.

"ನೀವು ಹಂಗ ಅಂತೀರಿ. ಬಿದ್ದ ಮ್ಯಾಲ ನನ್ನ ಮುಂದ ಯಾರ ನಿಲ್ಲವ್ರು? ನೀವ?"

ರೂಢಿ ತಪ್ಪು, ಆದರೆ ಅದನ್ನು ಮುರಿದ ಹೆಂಗಸಿನ ಮೇಲೆ ಬರುವ ಮಾತು ನಿಜ. ಆ ಮಾತನ್ನು ತಡೆಯುವ ಶಕ್ತಿ ನನ್ನ ಭಾಷಣಗಳಿಗೆ ಇನ್ನೂ ಬಂದಿಲ್ಲ. ಟಿಕೆಟ್ಟಿನ ಹಾಳೆ ತೆಗೆದೆ. ಮನೆಯಿಂದ ಬೆಳಿಗ್ಗೆ ಏಳಕ್ಕೆ ಗಾಡಿಯಲ್ಲಿ ಹೊರಡುವುದು, ಸಂಜೆಗೆ ಮುಂಬಯಿ, ಅಲ್ಲಿ ವಸತಿ. ಮರುದಿನ ಬೆಳಿಗ್ಗೆ ಏಳಕ್ಕೆ ವಿಮಾನ. ಲಂಡನ್ ಮುಟ್ಟುವುದು ಹನ್ನೆರಡೂವರೆಗೆ.

"ಐದೂವರಿ ತಾಸ" ಎಂದಳು ಆಯಿ ಬೆರಳು ಮಡಚಿ. "ಇಲ್ಲಿಂದ ಕೊಲ್ಲಾಪುರಕ್ಕ ಹೋಗಿ ಬಂದಂಗಾತು."

"ಹಾಗಲ್ಲ ಆಯಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದೆ ಇದೆ. ಅಲ್ಲಿ ಹನ್ನೆರಡೂವರೆ ಅಂದರೆ ನಮಗೆ ಸಂಜೆ ಐದು. ಒಟ್ಟು ಹತ್ತು ತಾಸು ವಿಮಾನದಲ್ಲಿ."

"ನಾಕೂವರಿ ತಾಸ ಹಿಂದ? ಅಷ್ಟ ದಿನಾ ಇಲ್ಲಿ ಆಳಿ ಹೋದವರು ಹೋಗುವಾಗ ಅಷ್ಟ ಕಸಕೊಂಡ ಹೋಗಿರಬೇಕ ನೋಡ್ರಿ" ಎಂದು ಆಯಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಬಿಸಿಲಿನ ಕಡೆ ನೋಡಿದಳು. "ಐದಕ್ಕ ಮುಟ್ಟಿದ್ರ ಸೈ. ದೀಪಾ ಹಚ್ಚಿದ ಮ್ಯಾಲ ಕಸಬರಗಿ ಮುಟ್ಟೂ ಹಂಗಿಲ್ಲ. ತಾಸ ಅತ್ತಿತ್ತ ಆತಂದ್ರ ಇನ್ನೊಂದ ರಾತ್ರಿ ಕುರಿ ಹೊಲಸಿನ್ಯಾಗ ನಿಲ್ಲತಾವ. ಬರೂದು ಹೇಳ್ರಿ. ಬರೂ ದಿವಸ ನೀರ ಕಾಸಿ ಇಡಬೇಕ."

ಬರುವ ಟಿಕೆಟ್ಟು ನೋಡಿದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಹೊರಟು, ಮುಂಬಯಿಗೆ ಮರುದಿನ ಬೆಳಿಗ್ಗೆ ಹತ್ತೂವರೆಗೆ. ಹದಿಮೂರೂವರೆ ತಾಸಿನಲ್ಲಿ ನಾಲ್ಕೂವರೆ ಕಳೆದರೆ ಒಂಬತ್ತು. ಮತ್ತೊಮ್ಮೆ ಕಳೆದೆ, ಆಗಲೂ ಒಂಬತ್ತು. ಹೋಗುವಾಗ ಹತ್ತು ತಾಸು, ಬರುವಾಗ ಒಂಬತ್ತು. ಅದೇ ಮುಂಬಯಿ, ಅದೇ ಲಂಡನ್, ಅದೇ ಕಂಪನಿಯ ವಿಮಾನ. ಒಂದು ತಾಸು ಎಲ್ಲಿ ಹೋಯಿತು?

ನನ್ನ ಮನಸ್ಸಿನಲ್ಲಿ ಮುಳ್ಳು ಮುರಿದದ್ದು ಆಗ.

ಓದುಗರು ಇದನ್ನು ಅತಿ ಸಂಶಯವೆಂದು ಕರೆಯಬಹುದು. ಆದರೆ ಸುಳ್ಳು ಕಾಗದಗಳನ್ನು ಹಿಡಿದದ್ದು ನಾನು ಯಾವಾಗಲೂ ಇಂಥ ಸಣ್ಣ ವ್ಯತ್ಯಾಸಗಳಿಂದಲೇ. ಹೋಗುವಾಗ ಮಾತ್ರ ಒಂದು ತಾಸು ಹೆಚ್ಚೆಂದರೆ, ದಾರಿಯಲ್ಲಿ ಹೇಳದ ಯಾವುದೋ ಊರಿನಲ್ಲಿ ಇಳಿಸುತ್ತಾರೆ ಎಂದಲ್ಲವೇ? ಇಳಿಸಿ ಏನು ಮಾಡುತ್ತಾರೆ? ಕಾಗದ ಬದಲಿಸುತ್ತಾರೆಯೇ? ಯಾರಿಗಾದರೂ ಒಪ್ಪಿಸುತ್ತಾರೆಯೇ? ಸೊಸೆ ಒಳಗಿನ ಬಾಗಿಲಿನಲ್ಲಿ ತಕಲಿ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿ ಅವಳ ಕೈ ನಿಂತಿತು.

"ಏನಾತ್ರಿ ಅಕ್ಕಾರ?"

"ಏನಿಲ್ಲ. ಎರಡು ದಿನ ಕೊಡು. ಸಹಿ ಆಮೇಲೆ ಹಾಕುತ್ತೇನೆ."

"ಸೋಮಾರ ಒಳಗ ಮುಟ್ಟಬೇಕಂತ್ರಿ." ಅವಳು ಇಷ್ಟೇ ಹೇಳಿದಳು. ಅವಳ ಹಿಂದೆ, ಗೋಡೆಯ ಬದಿಗೆ, ಪ್ರಯಾಣದ ಗಂಟು ಆಗಲೇ ಅರ್ಧ ಕಟ್ಟಿತ್ತು: ಉಣ್ಣೆಯ ಉಂಡೆಗಳು, ಎರಡು ತಕಲಿ, ಸಣ್ಣ ಮಗ್ಗದ ಕಟ್ಟಿಗೆಗಳು, ಒಂದು ಡಬ್ಬಿ. ಡಬ್ಬಿಯಲ್ಲಿ ಹುರಿದು ಬೀಸಿದ ಹುಣಸೆ ಬೀಜದ ಹಿಟ್ಟು. ಅದನ್ನು ಕುದಿಸಿ ಗಂಜಿ ಮಾಡಿ ಹಾಸಿನ, ಅಂದರೆ ಮಗ್ಗದ ಉದ್ದದ, ಎಳೆಗಳಿಗೆ ಬಳಿಯುತ್ತಾರೆ; ಎಳೆ ಬಿಗಿಯಾಗುತ್ತದೆ, ಕಂಬಳಿ ಗಟ್ಟಿಯಾಗುತ್ತದೆ. ಆ ಊರಿನಲ್ಲಿ ಹುಣಸೆ ಬೀಜ ಸಿಗುತ್ತದೋ ಇಲ್ಲವೋ ಎಂದು ಅವಳೇ ತುಂಬಿಟ್ಟಿದ್ದಳು.

ಸಂಜೆ ತರುಣನಿಗೆ ಫೋನು ಮಾಡಿದೆ. ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಒಂದು ತಾಸು ವ್ಯತ್ಯಾಸ ಏಕೆ ಎಂದು ಕೇಳಿದೆ.

"ಅದು ಹಂಗ ಇರತೈತ್ರಿ ಮ್ಯಾಡಂ."

"ಹಾಗೆ ಎಂದರೆ ಹೇಗೆ?"

"ಕಂಪನಿಯವರು ಹಾಕಿದ ಟೈಮ್ ರೀ ಅದು, ನಾ ಹಾಕಿದ್ದಲ್ಲ. ಟೆನ್ಶನ್ ಘೇವು ನಕಾ, ತಗೋಬ್ಯಾಡ್ರಿ. ನೀವು ಸಹಿ ಮಾಡ್ರಿ ಅಷ್ಟ, ಬಾಕೀ ಎಲ್ಲಾ ನಾ ನೋಡ್ಕೋತೇನಿ."

'ಬಾಕಿ ಎಲ್ಲ ನಾನು ನೋಡಿಕೊಳ್ಳುತ್ತೇನೆ' ಎಂಬ ಮಾತನ್ನು ನಾನು ಕಬ್ಬಿನ ಗುಂಪಿನ ಮುಕಾದಮನ ಬಾಯಿಂದಲೂ ಕೇಳಿದ್ದೆ. ನನ್ನ ಸಂಶಯ ಎರಡರಷ್ಟಾಯಿತು.

ಗುರುವಾರ ಊರಿನ ಪ್ರೌಢಶಾಲೆಗೆ ಹೋಗಿ ಗ್ಲೋಬನ್ನು ಕೇಳಿ ಪಡೆದೆ. ನನ್ನ ಚೀಲದಲ್ಲಿ ಸೊಸೆ ಕೊಟ್ಟ ಉಣ್ಣೆಯ ಎಳೆಯೊಂದಿತ್ತು. ಮುಂಬಯಿಯ ಮೇಲೆ ಒಂದು ತುದಿ ಒತ್ತಿ ಹಿಡಿದು ಲಂಡನ್ನಿನವರೆಗೆ ಎಳೆದೆ; ಅದೇ ಎಳೆಯನ್ನು ಭೂಮಧ್ಯರೇಖೆಯ ಮೇಲಿಟ್ಟು ಅಳೆದೆ. ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರ್ ಎಂಬುದು ಶಾಲೆಯಿಂದ ನೆನಪಿದೆ. ಲೆಕ್ಕ ಏಳು ಸಾವಿರಕ್ಕಿಂತ ಸ್ವಲ್ಪ ಮೇಲೆ ಬಂತು. ಲಂಡನ್ನಿನಿಂದ ಮುಂಬಯಿಗೆ ತಿರುಗಿಸಿ ಎಳೆದರೂ ಅಷ್ಟೇ ಬಂತು. ಬರಲೇಬೇಕು, ಎಳೆಗೆ ಹೋಗುವುದು ಬೇರೆ, ಬರುವುದು ಬೇರೆ ಎಂಬುದಿಲ್ಲ. ದೂರ ಒಂದೇ ಆಗಿರುವಾಗ ಹೊತ್ತು ಎರಡೇಕೆ?

ಶುಕ್ರವಾರ ಹಾರೂಗೇರಿಗೆ ಹೋಗಿ, ಝೆರಾಕ್ಸ್ ಅಂಗಡಿಯಲ್ಲಿ ಕುಳಿತು, ಬೇರೆ ದಿನಗಳ, ಬೇರೆ ಕಂಪನಿಗಳ ವಿಮಾನಗಳನ್ನು ತೆಗೆಸಿ ನೋಡಿದೆ. ಹತ್ತಿರ ಹತ್ತಿರ ಎಲ್ಲವೂ ಹಾಗೆಯೇ: ಹೋಗುವುದು ಹೆಚ್ಚು, ಬರುವುದು ಕಡಿಮೆ. ಇಷ್ಟಕ್ಕೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರೆ ಅದು ಸತ್ಯವಾಗುತ್ತದೆ ಎಂದು ನಂಬಿದ್ದರೆ ನಾನು ಈ ಕೆಲಸಕ್ಕೆ ಬರುತ್ತಲೇ ಇರಲಿಲ್ಲ. ಕಬ್ಬಿನ ತೂಕದ ಬಗ್ಗೆ ಕೇಳಿದಾಗಲೂ 'ಎಲ್ಲಾ ಕಡೆ ಹಂಗ ಐತ್ರಿ' ಎಂದೇ ಹೇಳುತ್ತಾರೆ.

ಮೂರು ದಿನಗಳಲ್ಲಿ ಸೊಸೆ ಎರಡು ಸಲ ನನ್ನ ಮನೆಯ ಬಾಗಿಲಿಗೆ ಬಂದಳು. ಮೊದಲ ಸಲ ಮಜ್ಜಿಗೆ ಕೊಡುವ ನೆಪ. ಎರಡನೆಯ ಸಲ ನೆಪವಿಲ್ಲ. "ಆತೇನ್ರಿ?" ಎಂದಳು. ಇಲ್ಲವೆಂದೆ. ಅವಳು ಹೊಸಿಲಿನಾಚೆ ನಿಂತೇ, "ನಮ್ಮವ್ವ ನೂಲತಿದ್ಲು, ಅಕಿ ಅವ್ವ ನೂಲತಿದ್ಲು. ಯಾರೂ ಕರದ ನೋಡಿದ್ದಿಲ್ರಿ. ನನ್ನ ಕೈಯಾಗಿನ ಎಳಿ ಹಿಡದ ನೋಡಿ ಕರದಾರ" ಎಂದು ಹೇಳಿ ಹೊರಟುಹೋದಳು. ಆ ಮಾತಿನ ಹಿಂದಿನ ಆಸೆಯನ್ನು ನಾನು ಗುರುತಿಸದೆ ಇರಲಿಲ್ಲ. ಆಸೆಯಿದ್ದವರನ್ನೇ ಮೋಸಗಾರರು ಆರಿಸುತ್ತಾರೆ ಎಂದು ಮಾತ್ರ ಆ ಕ್ಷಣ ಅನಿಸಿತು.

ಶನಿವಾರ ನನಗೆ ಕಾಗವಾಡ ತಾಲೂಕಿನ ಗಡಿಯಾಚೆ ಮೊದಲೇ ಒಪ್ಪಿಕೊಂಡ ಸಭೆಯಿತ್ತು. ಜುಗೂಳದ ಹತ್ತಿರ ಕೃಷ್ಣೆಯನ್ನು ದೋಣಿಯಲ್ಲಿ ದಾಟಿ, ಆಚೆ ದಂಡೆಯ ಮರಾಠಿ ಊರಿಗೆ ಹೋಗಬೇಕು. ಮಳೆಗಾಲದ ನೀರು ಇನ್ನೂ ಇಳಿದಿರಲಿಲ್ಲ. ದೋಣಿಯಲ್ಲಿ ಏಳು ಜನ, ಒಂದು ಸೈಕಲ್ಲು, ಎರಡು ಹುಲ್ಲಿನ ಹೊರೆ.

"ಜೀವರಕ್ಷಕ ಜಾಕೆಟ್ ಎಲ್ಲಿ?" ಎಂದು ಅಂಬಿಗನನ್ನು ಕೇಳಿದೆ.

"ಅದಾವ್ರಿ ಬಾಯಾರ. ಮನ್ಯಾಗ. ಹೆಂಡ್ತಿ ಕೂಸಿಗಿ ತಲಿದಿಂಬ ಮಾಡ್ಯಾಳ."

ದೋಣಿಯಲ್ಲಿದ್ದವರು ನಕ್ಕರು. ಇದು ನಗುವ ವಿಷಯವಲ್ಲ ಎಂದು ಹೇಳಿದೆ. ಹುಲ್ಲಿನ ಹೊರೆಯ ಮುದುಕಿ, "ಹೌದ್ರಿ, ದಿಂಬಿನ ಮ್ಯಾಲ ಮಲಗಿದ ಕೂಸ ಮುಳಗೂದಿಲ್ಲ ನೋಡ್ರಿ" ಎಂದು ಇನ್ನಷ್ಟು ನಗಿಸಿದಳು. ನಾನು ಸಿಟ್ಟಿನಿಂದ ಗಡಿಯಾರ ನೋಡಿಕೊಂಡೆ. ದೋಣಿ ನೇರ ಆಚೆಗೆ ಹೋಗದೆ, ದಂಡೆ ಹಿಡಿದು ಮೇಲ್ಮುಖವಾಗಿ ಬಹಳ ಹೊತ್ತು ಹೋಗಿ, ಆಮೇಲೆ ಹೊರಳಿತು. ಇಳಿದಾಗ ಇಪ್ಪತ್ತೆರಡು ನಿಮಿಷ ಆಗಿತ್ತು. ಸಭೆ ಮುಗಿಸಿ ಮಧ್ಯಾಹ್ನ ಅದೇ ದೋಣಿಯಲ್ಲಿ ತಿರುಗಿ ಬಂದಾಗ ಹದಿಮೂರು ನಿಮಿಷ.

"ಬೆಳಿಗ್ಗೆ ನಮ್ಮನ್ನು ಸುತ್ತುಬಳಸಿ ಒಯ್ದೆಯಾ?" ಎಂದೆ. ನನ್ನ ದನಿಯಲ್ಲಿ ಆಪಾದನೆ ಇತ್ತು.

ಅಂಬಿಗ ಹುಟ್ಟು ಮೇಲೆತ್ತಿ, ನೀರು ಸೋರಲು ಬಿಟ್ಟು, ನನ್ನನ್ನೇ ನೋಡಿದ. "ನಾ ಸುತ್ತಿಸಿಲ್ರಿ. ಹೊಳಿಗಿ ಕೇಳ್ರಿ. ಆಚೀ ದಂಡೀ ಘಾಟ ಮ್ಯಾಲಕೈತಿ. ಹೋಗೂ ಮುಂದ ಹೊಳಿ ಎದಿಗಿ ಎದಿ ಕೊಡತೈತಿ. ಬರೂ ಮುಂದ ಬೆನ್ನ ಮ್ಯಾಲ ಕೈ ಇಟ್ಟ ನೂಕತೈತಿ. ದಾರಿ ಅಷ್ಟ ಐತಿ ಬಾಯಾರ, ನೀರ ಸುಮ್ಮ ನಿಂತಿಲ್ಲ."

ದಂಡೆಗೆ ಇಳಿದ ಮೇಲೂ ನಾನು ಅಲ್ಲಿಯೇ ನಿಂತಿದ್ದೆ. ನೀರು ಸುಮ್ಮನೆ ನಿಂತಿಲ್ಲ. ಹಾಗಾದರೆ ಅಷ್ಟು ಮೇಲೆ ಗಾಳಿ ಸುಮ್ಮನೆ ನಿಂತಿರುತ್ತದೆಯೇ? ಚಿಕ್ಕೋಡಿಯ ಶಾಲೆಯ ಗೋಡೆಯ ಮೇಲೆ ಗಾಳಿಗಳ ಒಂದು ನಕಾಶೆ ಇತ್ತು; ಪಶ್ಚಿಮದಿಂದ ಪೂರ್ವಕ್ಕೆ ಸಾಲುಸಾಲಾಗಿ ಬಾಣಗಳು. ಮೇಲಕ್ಕೆ ಹೋದಷ್ಟೂ ಆ ಗಾಳಿಯ ವೇಗ ಹೆಚ್ಚೆಂದು ಗುರುಗಳು ಹೇಳಿದ್ದರು. ನಾನದನ್ನು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಪಶ್ಚಿಮದ ಲಂಡನ್ನಿಗೆ ಹೋಗುವ ವಿಮಾನಕ್ಕೆ ಆ ಗಾಳಿ ಎದುರು. ಬರುವ ವಿಮಾನಕ್ಕೆ ಬೆನ್ನ ಹಿಂದೆ. ದಂಡೆಯಿಂದಲೇ ತರುಣನಿಗೆ ಫೋನು ಹಚ್ಚಿದೆ.

"ಮೇಲೆ ಪಶ್ಚಿಮದಿಂದ ಗಾಳಿ ಬೀಸುತ್ತದೆಯೇ? ಅದಕ್ಕೇ ಆ ಒಂದು ತಾಸೇ?"

"ಹೌದಲ್ರಿ ಮ್ಯಾಡಂ! ಗಾಳೀದ ಅದು. ಗಾಳಿ ಅಂತ ಮೊದಲ ಕೇಳಿದ್ರ ಹೇಳತಿದ್ನೆಲ್ರಿ."

'ಹಂಗ ಇರತೈತಿ' ಎನ್ನುವ ಬದಲು ಗಾಳಿ ಎಂಬ ಒಂದು ಮಾತನ್ನು ಬುಧವಾರವೇ ಹೇಳಿದ್ದರೆ ಮೂರು ದಿನ ಉಳಿಯುತ್ತಿತ್ತು. ಕಾರಣ ಹೇಳದೆ ಸಹಿ ಕೇಳುವುದೂ ಒಂದು ತಪ್ಪೇ ಎಂದು ಅವನಿಗೆ ತಿಳಿಸಿದೆ. ಅವನು ಹ್ಞೂಂ ಎಂದ.

ಭಾನುವಾರ ಬೆಳಿಗ್ಗೆ ಪೆನ್ನು ಹಿಡಿದೇ ಆಯಿಯ ಮನೆಗೆ ಹೋದೆ. ಗಾಳಿಯ ವಿಷಯವನ್ನು ಹೊಳೆಯ ಉದಾಹರಣೆ ಕೊಟ್ಟು ವಿವರಿಸಿದೆ. ಆಯಿಗೆ ಕೂಡಲೇ ತಿಳಿಯಿತು. ಎದುರುಗಾಳಿಯಲ್ಲಿ ಕುರಿ ಹೊಡೆದುಕೊಂಡು ನಡೆದವಳು ಆಕೆ. ಅವಳ ಚಿಂತೆ ಮಾತ್ರ ಬದಲಾಯಿತು.

"ಹಂಗಾದ್ರ ಅವತ್ತ ಗಾಳಿ ಜೋರ ಇತ್ತಂದ್ರ ದೀಪಾ ಹಚ್ಚೂ ಹೊತ್ತ ದಾಟತೈತಿ" ಎಂದಳು. ಮಗ ನಕ್ಕ. ನಾನು ಕಾಗದ ಬಿಡಿಸಿ, ಸಹಿಯ ಜಾಗ ಹುಡುಕಿದೆ. ಸೊಸೆ ಎದುರಿಗೆ ಕುಳಿತು, ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು.

"ಅಕ್ಕಾರ, ಇದರಾಗ ನನ್ನ ಹೆಸರ ಎಲ್ಲೈತ್ರಿ?"

ತೋರಿಸಿದೆ.

"ಅದರ ಮುಂದ ಏನ ಬರದಾರ್ರಿ?"

ಆಗ ನಾನು ಓದಿದೆ. ನಾಲ್ಕು ದಿನ ನನ್ನ ಚೀಲದಲ್ಲೇ ಇದ್ದ ಹಾಳೆ ಅದು. ಜೊತೆಗಿದ್ದ ಟಿಕೆಟ್ಟಿನ ಗಂಟೆ ನಿಮಿಷಗಳನ್ನು ನಾನು ಭೂತಗನ್ನಡಿ ಹಿಡಿದವಳಂತೆ ನೋಡಿದ್ದೆ. ಈ ಹಾಳೆಯ ನಡುವಿನ ಸಾಲನ್ನು ನೋಡಿರಲಿಲ್ಲ. ಗಂಡನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ 'ಕುಶಲಕರ್ಮಿ' ಎಂದಿತ್ತು. ಅವಳ ಹೆಸರಿನ ಮುಂದೆ 'ಸಹಾಯಕಿ' ಎಂದಿತ್ತು.

ಓದಿ ಹೇಳಿದೆ. ಅವಳ ಬೆರಳು ಹಾಳೆಯ ಮೇಲೆಯೇ ಇತ್ತು.

ಗಂಡ ಗಂಟಲು ಸರಿಪಡಿಸಿಕೊಂಡ. "ಆ ತಮ್ಮ ಹೇಳಿದಂಗ ನಾ ಹೇಳೇನ್ರಿ. ಮನೀ ಯಜಮಾನ ಯಾರಂದ, ನಾ ಅಂದೆ. ಬರಕೊಂಡ. ಹೆಸರ ಏನರ ಇರಲಿ, ಹೋಗವ್ರು ಇಬ್ರೂ ಹೌದಲ್ಲೋ?"

ಸೊಸೆ ಅವನ ಕಡೆ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ, ಬಹಳ ಮೆತ್ತಗೆ ಹೇಳಿದಳು. "ಅತ್ತೀ, ನಿಮ್ಮ ಮಗಾ ನೇಯಾಕ ಹೊಂಟಾನ. ನೂಲ ವಿಮಾನದಾಗ ಕೊಡತಾರಂತೇನ್ರಿ?"

"ಏ, ಸುಮ್ಮಿರ ಬೇ" ಎಂದ ಗಂಡ.

"ಅಕಿ ಯಾಕ ಸುಮ್ಮಿರ್ತಾಳ?" ಎಂದಳು ಆಯಿ. "ನಿಮ್ಮಪ್ಪ ನನ್ನೂ ಹಂಗ ಅಂತಿದ್ದ. ನಾ ನೂಲೂದ ಬಿಟ್ಟ ಎಂಟ ದಿನಾ ಕುಂತೆ. ಮಗ್ಗದಾಗ ಬರೇ ಕಾಲ ಇಟಗೊಂಡ ಕುಂತಿದ್ದ, ಗುಬ್ಬಿ ಹೊಡಕೋತ."

ಗಂಡ ತಲೆ ತಗ್ಗಿಸಿ ನಕ್ಕ. ಆದರೆ ನಗು ಮುಖದ ಮೇಲೆ ನಿಲ್ಲಲಿಲ್ಲ. ನಾನು ತರುಣನಿಗೆ ಫೋನು ಮಾಡಿ, ದನಿಯನ್ನು ಎಲ್ಲರಿಗೂ ಕೇಳುವಂತೆ ಇಟ್ಟೆ. ಅವಳ ಕೈಯ ಎಳೆ ನೋಡಿ ಕರೆದವರು, ಅವಳನ್ನೇ ಸಹಾಯಕಿ ಎಂದು ಬರೆದದ್ದು ಏಕೆ ಎಂದು ಕೇಳಿದೆ. ಅವನು ತಡವರಿಸಿದ. ಫಾರ್ಮಿನಲ್ಲಿ ಒಂದು ಮನೆಗೆ ಒಬ್ಬರೇ ಕುಶಲಕರ್ಮಿ ಎಂದಿತ್ತು. ವೀಸಾದ ಕಾಗದಗಳೂ ಹಾಗೆಯೇ ಹೋಗಿವೆ. ಈಗ ಬದಲಿಸಲು ಹೊರಟರೆ ದಿನ ಸಾಲುವುದಿಲ್ಲ.

"ಬುಧವಾರ ಹೇಳಿದ್ರ ಏನರ ಮಾಡಬಹುದಿತ್ರಿ ಮ್ಯಾಡಂ. ನೀವು ಬುಧವಾರ ತಾಸಿನ ಲೆಕ್ಕ ಕೇಳಿದ್ರಿ."

ಅವನು ನನ್ನನ್ನು ಚುಚ್ಚಲು ಹೇಳಿದನೋ, ನಿಜವಾಗಿ ನೊಂದು ಹೇಳಿದನೋ ನನಗೆ ಇಂದಿಗೂ ತಿಳಿಯದು. ಮಾತು ಮಾತ್ರ ಸರಿಯಾಗಿತ್ತು. ಯಾರೂ ಕದಿಯದ ಒಂದು ತಾಸನ್ನು ನಾನು ಮೂರು ತಾಲೂಕಿನಲ್ಲಿ ಹುಡುಕಿದ್ದೆ. ನಿಜವಾಗಿ ಕಳೆದುಹೋದದ್ದು ನನ್ನ ಚೀಲದಲ್ಲೇ ಇತ್ತು. ಹೆಂಗಸಿನ ದುಡಿಮೆಗೆ ಹೆಸರಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾನು, ಹೆಸರಿನ ಸಾಲನ್ನು ಓದಿರಲಿಲ್ಲ.

ಸಹಿ ಹಾಕುವುದಿಲ್ಲ ಎಂದು ನಾನು ಹೇಳಲಿದ್ದೆ. ಸೊಸೆ ಫೋನಿನ ಕಡೆ ಬಾಗಿದಳು.

"ತಮ್ಮಾ, ಅಲ್ಲಿ ನಾವು ಕುಂಡರೂ ಜಾಗಾದಾಗ ಹೆಸರಿಂದ ಹಲಗಿ ಇರತೈತೇನ?"

"ಇರತೈತಿ ವೈನಿ. ಆಗಲೇ ಅಚ್ಚ ಹಾಕ್ಸ್ಯಾರ. ಅದನ್ನ ಬದಲಿ ಮಾಡಾಕ ಹೇಳ್ತೇನಿ, ಖರೇನ."

"ಹೇಳಿದರೆ ಸಾಲದು, ಬರೆದು ಕೊಡಬೇಕು" ಎಂದೆ ನಾನು.

"ಎಷ್ಟ ಅಗಲ ಐತಿ ಹಲಗಿ?" ಎಂದು ಅವಳು ಕೇಳಿದಳು. "ರಟ್ಟಿಂದೋ, ಕಟ್ಟಿಗಿದೋ?"

ತರುಣ ಯಾರನ್ನೋ ಕೇಳಿ, ರಟ್ಟಿನದು, ಎರಡು ಗೇಣು ಅಗಲ ಎಂದ. ಅವಳು ತಲೆ ಆಡಿಸಿ, ನನ್ನ ಕಡೆ ತಿರುಗಿದಳು. "ಸಹಿ ಮಾಡ್ರಿ ಅಕ್ಕಾರ. ನಾ ಹೋಗಾಕಿ. ಹೆಸರಿಂದ ನಾ ನೋಡ್ಕೋತೇನಿ."

ಈ 'ನೋಡ್ಕೋತೇನಿ' ನಾನು ಅದುವರೆಗೆ ಕೇಳಿದ ಯಾವುದರಂತೆಯೂ ಇರಲಿಲ್ಲ. ಸಹಿ ಹಾಕಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಮಹಿಳೆಯನ್ನು ಸಹಾಯಕಿ ಎಂದು ಬರೆದಿರುವುದಕ್ಕೆ ನನ್ನ ವಿರೋಧವಿದೆ ಎಂದೂ ಬರೆದೆ.

ಅವರು ಹೊರಟ ದಿನ ಬೆಳಿಗ್ಗೆ ಆಯಿ ಪೊರಕೆಯನ್ನು ಮೂಲೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದಳು. ಮರುದಿನ ಸಂಜೆ ನಾಲ್ಕಕ್ಕೇ ನಾನು ಆ ಮನೆಯ ಕಟ್ಟೆಯ ಮೇಲಿದ್ದೆ. ರೂಢಿಗಾಗಿ ಅಲ್ಲ, ತರುಣನ ಮೇಲೆ ನನಗಿನ್ನೂ ನಂಬಿಕೆ ಪೂರ್ತಿ ಬಂದಿರಲಿಲ್ಲ. ಅಂಗಳದಲ್ಲಿ ಎರಡು ದಿನದ ಎಲೆ, ಹಟ್ಟಿಯಲ್ಲಿ ಎರಡು ದಿನದ ಹಿಕ್ಕೆ. ಮರಿಗಳು ಒಣ ಜಾಗ ಹುಡುಕಿ ಕಲ್ಲಿನ ಮೇಲೆ ನಿಂತಿದ್ದವು. ಐದಾಯಿತು. ಫೋನು ಬರಲಿಲ್ಲ. ಐದೂವರೆಯಾಯಿತು. ಆಯಿ ಪಶ್ಚಿಮದ ಆಕಾಶ ನೋಡುತ್ತ, "ಗಾಳಿ ಜೋರ ಐತಿ ಕಾಣತೈತಿ" ಎಂದಳು. ನನ್ನ ತಲೆಯಲ್ಲಿ ಆ ಹೇಳದ ಊರು, ಇಳಿಸುವ ಕೈಗಳು, ಎಲ್ಲ ಮತ್ತೆ ಎದ್ದುಬಂದವು. ಗಾಳಿಯನ್ನು ಅರ್ಥ ಮಾಡಿಕೊಂಡವಳಿಗೂ ಕಾಯುವುದು ತಪ್ಪಲಿಲ್ಲ.

ಆರಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಸೊಸೆಯ ದನಿ. "ಅತ್ತೀ, ಮುಟ್ಟೇವ್ರಿ. ಹಟ್ಟಿ ಕಸಾ ಹೊಡೀರಿ ಲಗೂನ."

ಆಯಿ ಫೋನನ್ನು ನನ್ನ ಕೈಗೆ ಹಾಕಿ ಪೊರಕೆಯ ಕಡೆ ನಡೆದಳು. ಹಟ್ಟಿಯ ಅರ್ಧವನ್ನು ನಾನು ಗುಡಿಸಿದೆ. ಇಲ್ಲವಾದರೆ ದೀಪದ ಹೊತ್ತಿನೊಳಗೆ ಮುಗಿಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮೇಳದ ಫೋಟೋ ಬಂತು. ನಾನು ಮೊದಲು ದೊಡ್ಡದು ಮಾಡಿ ನೋಡಿದ್ದು ಹಲಗೆಯನ್ನು. ಮೇಲೆ ಗಂಡನ ಹೆಸರು, ಅಚ್ಚಿನಲ್ಲಿ. ಅದರ ಕೆಳಗೆ ಬಿಳಿಯ ಕಾಗದದ ಪಟ್ಟಿಯೊಂದು ಅಂಟಿತ್ತು. ಅದರ ಮೇಲೆ ಕೈಬರಹದಲ್ಲಿ ಅವಳ ಹೆಸರು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಉಣ್ಣೆ ನೂಲುವವರು'. ಪಟ್ಟಿಯ ಅಂಚಿನಲ್ಲಿ ಹಳೆಯ ಅಚ್ಚಿನ ಕೊನೆಯ ಅಕ್ಷರವೊಂದು ಇಣುಕುತ್ತಿತ್ತು. ಬದಲಿಸುತ್ತೇನೆ ಎಂದವನು ಬದಲಿಸಿರಲಿಲ್ಲ. ಸೊಸೆಗೆ ಫೋನು ಮಾಡಿದೆ.

"ಪಟ್ಟಿ ಅಂಟಿಸಿದವರು ಯಾರು?"

"ನಾನ ರೀ. ಆ ತಮ್ಮನ ಕಡಿಂದ ಬರಸಕೊಂಡೆ. ಹಲಗಿ ಬದಲಿ ಆಗಿದ್ದಿಲ್ಲ. ಮಾರಿ ಸಣ್ಣದ ಮಾಡಕೊಂಡ ನಿಂತಿದ್ದ."

"ಅಲ್ಲಿಯವರು ಕಿತ್ತುಹಾಕಿದರೆ?"

"ಹುಣಸಿ ಬೀಜದ ಗಂಜಿ ಹಚ್ಚೇನ್ರಿ ಅಕ್ಕಾರ. ಹಲಗಿ ಹರೀಬೇಕು, ಅದು ಬಿಡೂದಿಲ್ಲ."

ಆಯಿಗೆ ಹೇಳಿದೆ. ಅವಳು ಹೌದೆಂಬಂತೆ ತಲೆ ಆಡಿಸಿ, ಗಂಜಿಯನ್ನು ಎಷ್ಟು ಹೊತ್ತು ಕುದಿಸಿದಳೋ ಕೇಳಿ ಎಂದಳು. ನಾನು ಅದನ್ನು ಕೇಳಲಿಲ್ಲ. ದಿನವೂ ಹಲಗೆಯ ಒಂದು ಫೋಟೋ ಕಳಿಸಲು ಹೇಳಿದೆ. ಹತ್ತು ದಿನ, ಹತ್ತು ಫೋಟೋ ಬಂದವು. ಪ್ರತಿಯೊಂದನ್ನೂ ದೊಡ್ಡದು ಮಾಡಿ, ಪಟ್ಟಿಯ ನಾಲ್ಕು ಮೂಲೆಗಳನ್ನು ಒಂದೊಂದಾಗಿ ನೋಡಿದೆ.